ಕೆಳಗಿನ ಗೆರೆ ನೆಲ ಮುಟ್ಟಿರಲಿಲ್ಲ

“ರಕ್ತಪರೀಕ್ಷೆಯಲ್ಲಿ ಆಯುಷ್ಯ ಮುಗಿಯಿತೆಂದೇ ಬಂದಿತ್ತಂತೆ. ಡಾಕ್ಟರುಗಳು ಕೈಬಿಟ್ಟಿದ್ದರಂತೆ. ಮಕ್ಕಳು ಬಲಿಮೆಯಲ್ಲಿ ಕೇಳಿ ದೈವಕ್ಕೆ ಕೋಲದ ಹರಕೆ ಹೇಳಿಕೊಂಡರು. ಮೆಷಿನು ಇಲ್ಲ ಎಂದದ್ದನ್ನು ದೈವ ಉಂಟು ಎಂದಿತು.”

ನನ್ನ ತಂಗಿಯ ಕುರಿತು ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಓಡಾಡುತ್ತಿರುವ ಕತೆ ಇಷ್ಟೇ. ಕಳೆದ ಬಾರಿ ನಾನಿದನ್ನು ಕೇಳಿದ್ದು ಗುರುವಾಯನಕೆರೆಯಲ್ಲಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಹೇಳುತ್ತಿದ್ದವರು ಕಾಲೇಜಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಹನೀಯರು. ಪಕ್ಕದ ಎಲೆಗೆ ಕುಳಿತವನು ಆ ರೋಗಿಯ ಒಡಹುಟ್ಟಿದ ಅಣ್ಣನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಸಿದೆ. “ಹಾಗಾದರೆ ನಿಮಗೆ ಗೊತ್ತೇ ಉಂಟಲ್ಲ ಮಾರಾಯ್ರೆ, ನಾನು ಹೇಳಿದ್ದು ಹೌದಲ್ವಾ?” ಎಂದು ನನ್ನನ್ನೇ ಸಾಕ್ಷಿಗೆ ಕರೆದರು. “ಅಲ್ಲ. ಒಂದು ವಾಕ್ಯವೂ ಹೌದಲ್ಲ,” ಎಂದೆ. ಅವರು ಬಡಿಸುವವನನ್ನು ಕರೆದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು. ಕೈತೊಳೆಯುವಲ್ಲಿ ನಿಂತು ಅದೇ ಕತೆಯನ್ನು ಇನ್ನೊಬ್ಬರಿಗೆ ಮೊದಲಿನಿಂದ ಹೇಳುತ್ತಿದ್ದುದನ್ನೂ ನಾನು ಕೇಳಿಸಿಕೊಂಡೆ.

ಈ ಕತೆಗೆ ಒಬ್ಬಳು ಸವತಿಯೂ ಇದ್ದಾಳೆ. ತಮ್ಮನ್ನು ವಿಚಾರವಂತರೆಂದು ಕರೆದುಕೊಳ್ಳುವ ಕೆಲವರು, “ಆ ಪರೀಕ್ಷೆಯೇ ಶುದ್ಧ ಮೋಸ, ಸಾಯುತ್ತಾಳೆ ಎಂದವಳು ಬದುಕಿದ್ದಾಳಲ್ಲ, ಇನ್ನೇನು ಸಾಕ್ಷಿ ಬೇಕು?” ಎನ್ನುತ್ತಾರೆ. ಇದೂ ಸುಳ್ಳು. ದೈವದ ಕತೆ ಹೇಳುವವರಿಗಿಂತ ಇವರ ಮೇಲೆ ನನಗೆ ಸಿಟ್ಟು ಹೆಚ್ಚು. ಯೋಚಿಸುವ ಕೆಲಸ ತಮ್ಮದೆಂದು ಹೇಳಿಕೊಂಡು ಅದನ್ನು ಮಾಡದವರು ಇವರು.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬಿ.ಸಿ.ರೋಡಿನಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದೆ. ಈಗ ಅಂಗಡಿ ಇಲ್ಲ. ಇಂಗ್ಲಿಷನ್ನು ನಿಘಂಟು ಬಗಲಲ್ಲಿಟ್ಟುಕೊಂಡು ಕಲಿತೆ, ಹಾಗಾಗಿ ನಿಧಾನವಾಗಿ ಓದುತ್ತೇನೆ, ಓದಿದ್ದನ್ನು ಬಿಡುವುದಿಲ್ಲ. ನಮ್ಮದು ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬ. ಕಾನೂನು ಬದಲಾಗಿ ಬಹಳ ಕಾಲವಾದರೂ, ತಂಗಿಯ ಮನೆಯ ದೊಡ್ಡ ವಿಷಯಗಳಿಗೆ ಸೋದರಮಾವನ ಒಪ್ಪಿಗೆ ಕೇಳುವ ರೂಢಿ ಉಳಿದಿದೆ. ಅಧಿಕಾರವೇನೂ ಉಳಿದಿಲ್ಲ. ಒಪ್ಪಿಗೆ ಕೇಳುತ್ತಾರೆ, ಒಪ್ಪದಿದ್ದರೆ ಒಪ್ಪುವವರೆಗೆ ಕೇಳುತ್ತಾರೆ.

ತಂಗಿ ಇರುವುದು ಮೂಡುಬಿದಿರೆಯ ಹತ್ತಿರ ಪುತ್ತಿಗೆಯಲ್ಲಿ, ಕಿರಿಯ ಮಗನ ಸಂಸಾರದ ಜೊತೆ. ಭಾವ ತೀರಿಕೊಂಡು ಬಹಳ ವರ್ಷಗಳಾದವು. ಕಿರಿಯವನಿಗೆ ಗುರುವಾಯನಕೆರೆಯಲ್ಲಿ ಹೋಟೆಲು. ಹಿರಿಯವನು ಗಲ್ಫಿನ ಒಂದು ಸೂಪರ್‌ಮಾರ್ಕೆಟಿನಲ್ಲಿ ಮ್ಯಾನೇಜರು. ಅವಳ ದೊಡ್ಡ ಕರುಳಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾದದ್ದು ಬೇಸಗೆಯ ಕೊನೆಯಲ್ಲಿ. ಮಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಗಡ್ಡೆಯನ್ನು ತೆಗೆದರು. ಮನೆಗೆ ಕಳಿಸುವಾಗ ಕ್ಯಾನ್ಸರ್ ವಿಭಾಗದ ಡಾಕ್ಟರಮ್ಮ ಇಬ್ಬರು ಮಕ್ಕಳಿಗೂ, ಒಬ್ಬನಿಗೆ ಎದುರಿನಲ್ಲಿ, ಇನ್ನೊಬ್ಬನಿಗೆ ಫೋನಿನಲ್ಲಿ, ಒಂದೇ ಮಾತು ಹೇಳಿದ್ದರು. ಗಾಯ ಮಾಗಿದ ಕೂಡಲೇ ಕರೆದುಕೊಂಡು ಬನ್ನಿ, ಡ್ರಿಪ್ಪಿನಲ್ಲಿ ಕೀಮೋ ಮದ್ದು ಶುರು ಮಾಡಬೇಕು, ಆರು ತಿಂಗಳು ನಡೆಯುತ್ತದೆ, ತಡವಾದಷ್ಟೂ ಅದರ ಪ್ರಯೋಜನ ಇಳಿಯುತ್ತದೆ. ನಾನು ಹೇಳಹೊರಟದ್ದರಲ್ಲಿ ತೂಕದ ಸಂಗತಿ ಇದೊಂದೇ: ಆ ಮದ್ದು ಅವಳ ಮೈಗೆ ಸಕಾಲದಲ್ಲಿ ಹೋಗುತ್ತದೆಯೋ ಇಲ್ಲವೋ.

ಅವಳಿಗೆ ಮಾತ್ರ ಇದು ಯಾವುದೂ ತಿಳಿದಿರಲಿಲ್ಲ. “ಕರುಳಿನಲ್ಲಿ ಹುಣ್ಣು ಇತ್ತು, ತೆಗೆದರು” ಎಂದು ಹೇಳಿ ಮಲಗಿಸಿದ್ದರು. ರೋಗದ ಹೆಸರನ್ನು ರೋಗಿಯೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳುವುದು ನಮ್ಮ ಕಡೆಯ ಪ್ರೀತಿಯ ಕ್ರಮ.

ಆ ನಡುವೆ ಹಿರಿಯ ಅಳಿಯನ, ಎಂದರೆ ಗಲ್ಫಿನಲ್ಲಿರುವ ಅವಳ ದೊಡ್ಡ ಮಗನ, ಮೊಬೈಲಿಗೆ ಯಾವುದೋ ಖಾಸಗಿ ಪ್ರಯೋಗಾಲಯದ ಜಾಹೀರಾತು ಬಂತು. ರಕ್ತದಲ್ಲಿರುವ ಮೈಕ್ರೋಆರ್‌ಎನ್‌ಎ ಎಂಬ ಕಿರು ಅಣುಗಳನ್ನು ಅಳೆದು, ಕ್ಯಾನ್ಸರ್ ರೋಗಿ ಎಷ್ಟು ಕಾಲ ಉಳಿಯಬಹುದೆಂದು ಅಂದಾಜು ಮಾಡುತ್ತಾರಂತೆ. ಡಾಕ್ಟರನ್ನು ಕೇಳಲಿಲ್ಲ. ಅಲ್ಲಿಂದಲೇ ದುಡ್ಡು ಕಟ್ಟಿದ. ಬೈಕಿನಲ್ಲಿ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಪುತ್ತಿಗೆಗೆ ಬಂದು, “ಶುಗರ್ ಟೆಸ್ಟ್” ಎಂದು ಅವಳನ್ನು ನಂಬಿಸಿ ರಕ್ತ ತೆಗೆದುಕೊಂಡು ಹೋದ. ಕೆಲವು ದಿನಗಳ ಮೇಲೆ ಬಣ್ಣಬಣ್ಣದ ವರದಿ ಅಳಿಯಂದಿರಿಬ್ಬರ ಮೊಬೈಲಿಗೂ ನನ್ನದಕ್ಕೂ ಬಂತು. ಮೇಲೆ ಬೈಕಿನ ಸ್ಪೀಡೋಮೀಟರಿನಂಥ ಅರ್ಧಚಂದ್ರ: ಹಸಿರು, ಹಳದಿ, ಕೆಂಪು. ಮುಳ್ಳು ಕೆಂಪಿನಲ್ಲಿ ನಿಂತಿತ್ತು. ಕೆಳಗೆ ದಪ್ಪಕ್ಷರದಲ್ಲಿ ‘ಹೈ ರಿಸ್ಕ್’. ಅದರ ಕೆಳಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಎರಡು ಗೆರೆಗಳು, ಒಂದು ಮೇಲೆ, ಇನ್ನೊಂದು ಕೆಳಗೆ.

ಹಿರಿಯವನ ಫೋನು ಬಂತು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ಮಾಮ, ನೋಡಿದಿರಾ? ಕೆಂಪಿನಲ್ಲಿ ಉಂಟು.”

“ಕೆಂಪಿನಲ್ಲಿ ಎಂತ ಉಂಟು?”

“ಮುಳ್ಳು.”

“ಮುಳ್ಳು ಕೆಂಪಿನಲ್ಲಿದ್ದರೆ ಎಂತ ಈಗ?”

“ಎಂತ ಮಾಮ, ಅದನ್ನು ನಾನು ಬಾಯಿಬಿಟ್ಟು ಹೇಳ್ಬೇಕಾ?” ಅವನೇ ಮುಂದುವರಿಸಿದ. “ಆಯುಷ್ಯವೇ ಇಲ್ಲ ಅಂತ ಬಂದ ಮೇಲೆ ಅಮ್ಮನಿಗೆ ಸುಮ್ಮನೆ ಹಿಂಸೆ ಯಾಕೆ? ಕೂದಲು ಹೋಗ್ತದೆ, ವಾಂತಿ ಆಗ್ತದೆ. ಇದ್ದಷ್ಟು ದಿನ ಮೀನುಸಾರು ಊಟ ಮಾಡಿಕೊಂಡು ಇರಲಿ. ನೀವು ಒಂದು ಹೂಂ ಅನ್ನಿ, ಸಾಕು.”

“ಅನ್ನುವುದಿಲ್ಲ.”

“ಹಾಗಾದ್ರೆ ಬಲಿಮೆಯಲ್ಲಿ ಕೇಳುವ.”

ಬಲಿಮೆ ಎಂದರೆ ಕವಡೆ ಹರಡಿ ಪ್ರಶ್ನೆ ನೋಡುವುದು. ಮನೆ ಕಟ್ಟುವುದಕ್ಕೆ, ಹಸು ಕಳೆದುಹೋದದ್ದಕ್ಕೆ, ಮದುವೆ ನಿಂತದ್ದಕ್ಕೆ, ಎಲ್ಲಕ್ಕೂ ನಮ್ಮಲ್ಲಿ ಬಲಿಮೆ ನೋಡುತ್ತಾರೆ. ಬೆಳ್ತಂಗಡಿಯ ಕಡೆಯ ಒಬ್ಬ ಜೋಯಿಸರ ಮನೆಗೆ ಕಿರಿಯವನು ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದ. ಕುಟುಂಬದ ಹಿರಿಯ ಬಾರದೆ ಪ್ರಶ್ನೆ ಇಡುವಂತಿಲ್ಲವಂತೆ. ಹೋಗದಿದ್ದರೆ ನಾನು ಒಪ್ಪಿದೆನೆಂದು ಅಲ್ಲಿ ಹೇಳಿಬಿಡುತ್ತಾರೆಂದು ಗೊತ್ತಿದ್ದರಿಂದ ಹೋದೆ.

ಅಲ್ಲಿ ಅಳಿಯ ಮಾಡಿದ ಕೆಲಸವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮಣೆಯ ಮೇಲೆ ತಾಯಿಯ ಜಾತಕ ಇಟ್ಟ. ಜಾತಕದ ಮೇಲೆ, ಪ್ರಿಂಟು ತೆಗೆಸಿ ತಂದಿದ್ದ ಪ್ರಯೋಗಾಲಯದ ವರದಿಯನ್ನು ಅಂಚಿಗೆ ಅಂಚು ಸೇರಿಸಿ ಇಟ್ಟ. ಅದರ ಮೇಲೊಂದು ಹೂ ಇಟ್ಟ. ಜೋಯಿಸರು ಕನ್ನಡಕ ಹಾಕಿ ವರದಿಯನ್ನು ತಿರುಗಿಸಿ ನೋಡಿದರು.

“ಇದು ಇಂಗ್ಲಿಷು. ಎಂತ ಬರೆದದೆ ಇದರಲ್ಲಿ?”

“ಆಯುಷ್ಯ ಕಡಿಮೆ ಅಂತ ಬರೆದದೆ,” ಎಂದ ಅಳಿಯ.

ಜೋಯಿಸರು ಕವಡೆ ಹರಡಿದರು. ಕವಡೆಯೂ ಆಯುಷ್ಯಕ್ಕೆ ಕಂಟಕ ಎಂದಿತು. ಉತ್ತರವನ್ನು ಕಿವಿಯಲ್ಲಿ ಊದಿ ಪ್ರಶ್ನೆ ಕೇಳಿದರೆ ಕವಡೆ ಪಾಪ ಇನ್ನೇನು ಹೇಳೀತು? ಆದರೆ ಅಳಿಯನ ಮುಖ ನೋಡಬೇಕಿತ್ತು. ವಿಜ್ಞಾನವೂ ಶಾಸ್ತ್ರವೂ ಒಂದೇ ಮಾತು ಹೇಳಿದವೆಂಬ ಗಾಂಭೀರ್ಯ ಅದರ ಮೇಲೆ ಇಳಿದಿತ್ತು. ಎರಡೂ ಮಾತು ತನ್ನ ಬಾಯಿಂದಲೇ ಹೊರಟದ್ದು ಅವನಿಗೆ ಹೊಳೆಯಲಿಲ್ಲ.

ಪರಿಹಾರ ಹೀಗಿತ್ತು: ದೈವಕ್ಕೆ ಒಂದು ಕೋಲ, ಎಂದರೆ ವೇಷ ಕಟ್ಟಿ ನಡೆಸುವ ರಾತ್ರಿಯ ಸೇವೆ, ಹೇಳಿಕೊಳ್ಳಿ. ಗ್ರಹಚಾರ ಆಟಿಯಲ್ಲಿ ತೀಕ್ಷ್ಣ, ಆಟಿ ಮುಗಿಯುವವರೆಗೆ ಹೊಸತು ಯಾವುದನ್ನೂ ಆರಂಭಿಸಬೇಡಿ, ಅದರ ಮುಂದಿನ ಸೋಣ ತಿಂಗಳು ಬರಲಿ.

ಆಟಿ ಮಳೆಗಾಲದ ನಟ್ಟನಡುವಿನ ತುಳು ತಿಂಗಳು. ಆ ತಿಂಗಳಲ್ಲಿ ನಾವು ಮದುವೆ ಮಾಡುವುದಿಲ್ಲ, ಮನೆ ಒಕ್ಕಲಾಗುವುದಿಲ್ಲ, ಹೊಸ ಬಟ್ಟೆ ಕೊಳ್ಳುವುದಿಲ್ಲ. ಹೊಸ ಕೀಮೋವನ್ನೂ ಆ ಸಾಲಿಗೆ ಸೇರಿಸಿದರು. ಅಳಿಯಂದಿರಿಗೆ ಇದಕ್ಕಿಂತ ದೊಡ್ಡ ವರ ಬೇರೆ ಬೇಕಿರಲಿಲ್ಲ. ತಾಯಿಗೆ ಮದ್ದು ಬೇಡ ಎಂದು ನಿರ್ಧರಿಸುವ ಭಾರ ತಪ್ಪಿತು. ಬೇಡ ಎಂದವರು ಯಾರೂ ಇಲ್ಲ, ಸೋಣದಲ್ಲಿ ನೋಡುವ ಎಂದವರು ಮಾತ್ರ. ಸೋಣ ಬರುವಾಗ ಡಾಕ್ಟರಮ್ಮ ಹೇಳಿದ ಕಾಲ ಮೀರಿರುತ್ತದೆ, ಆಗ ತಪ್ಪು ಪಂಚಾಂಗದ್ದು.

ಹಿಂದಿರುಗುವಾಗ ಕಾರಿನಲ್ಲಿ ಕೇಳಿದೆ: “ನಿನ್ನ ಹೋಟೆಲಿನ ಗ್ರೈಂಡರಿನ ಮೋಟಾರು ಹೊಗೆ ಬಿಟ್ಟಾಗ ಅದಕ್ಕೆ ಎಂತ ಮಾಡಿದೆ?”

“ನಿಮ್ಮ ಅಂಗಡಿಗೆ ತಂದದ್ದಲ್ವಾ ಮಾಮ.”

“ಯಾವ ತಿಂಗಳು?”

“ಅದು ಈಗ ಎಂತಕ್ಕೆ?”

“ಆಟಿಯಲ್ಲಿ. ಮಳೆಗೆ ನೆನೆದುಕೊಂಡು, ಗೋಣಿಯಲ್ಲಿ ಸುತ್ತಿ ತಂದಿದ್ದೆ. ‘ನಾಳೆ ಬೆಳಿಗ್ಗೆಗೆ ಆಗ್ಲೇಬೇಕು ಮಾಮ, ದೋಸೆಗೆ ಅರೆಯಲಿಕ್ಕುಂಟು’ ಅಂತ ಅಂಗಡಿಯಲ್ಲೇ ಕೂತಿದ್ದೆ. ದೋಸೆಹಿಟ್ಟಿಗೆ ಇದ್ದ ಅವಸರ ಅಮ್ಮನಿಗೆ ಇಲ್ಲ.”

ಅವನು ರೇಡಿಯೋ ಹಾಕಿದ.

ಅಂದಿನಿಂದ ನಾನು ಆ ವರದಿಯನ್ನು ನಿಘಂಟಿನೊಂದಿಗೆ ಹಿಡಿದು ಕುಳಿತೆ. ಸತ್ಯ ಹೇಳಬೇಕೆಂದರೆ, ತಿಳಿಯುವುದಕ್ಕಲ್ಲ, ಅದನ್ನು ಸುಳ್ಳೆಂದು ತೋರಿಸುವುದಕ್ಕೆ. ಕಣ್ಣಿಗೆ ಕಾಣದ ಅಣುವಿನಲ್ಲಿ ಮನುಷ್ಯನ ಆಯುಷ್ಯ ಬರೆದಿದೆ ಎನ್ನುವುದಕ್ಕೂ ಹಣೆಯಲ್ಲಿ ಬರೆದಿದೆ ಎನ್ನುವುದಕ್ಕೂ ನನಗೆ ವ್ಯತ್ಯಾಸ ಕಾಣಿಸಲಿಲ್ಲ. ಕೊನೆಗೆ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ, ಇದು ಮೋಸವೆಂದು ಡಾಕ್ಟರ ಬಾಯಿಂದಲೇ ಹೇಳಿಸುವ ಹಟದಲ್ಲಿ ಮಂಗಳೂರಿಗೆ ಹೋದೆ.

ಡಾಕ್ಟರಮ್ಮನಿಗೆ ನನ್ನಷ್ಟೇ ಸಿಟ್ಟಿತ್ತು.

“ನೀವು ಯಾರು?”

“ಪೇಷಂಟಿನ ಅಣ್ಣ.”

“ಪೇಷಂಟ್ ಎಲ್ಲಿ?”

“ಮನೆಯಲ್ಲಿ.”

“ನಾನು ಮನೆಗೆ ಬಂದು ಡ್ರಿಪ್ ಹಾಕುವುದಿಲ್ಲ. ಎರಡು ಸಲ ಫೋನ್ ಮಾಡಿಸಿದೆ. ‘ಸೋಣದಲ್ಲಿ ಬರ್ತೇವೆ’ ಅಂತಾರೆ. ಸೋಣ ಅಂದ್ರೆ ಏನು? ಯಾವ ಊರು ಅದು?”

ತಿಂಗಳ ಹೆಸರೆಂದು ಹೇಳಿ, ವರದಿಯನ್ನು ಮೇಜಿನ ಮೇಲಿಟ್ಟು, “ಇದು ಮೋಸ ಅಂತ ನೀವು ಒಂದು ಮಾತು ಹೇಳಿ, ಅವರನ್ನು ನಾನು ನೋಡಿಕೊಳ್ತೇನೆ,” ಎಂದೆ. ಅವರು ವರದಿಯ ಎಲ್ಲ ಪುಟಗಳನ್ನೂ ಓದಿದರು.

“ಮೋಸ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ನನಗೇ ಕಂಡಿತು.”

“ಹಾಗಾದ್ರೆ ನಿಮಗೆ ತಪ್ಪು ಕಂಡಿದೆ.”

ಆಮೇಲೆ ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಜೀವಕೋಶದೊಳಗೆ ‘ಇದನ್ನು ತಯಾರಿಸು, ಅದನ್ನು ತಯಾರಿಸು’ ಎಂಬ ಆಜ್ಞೆಗಳು ಸದಾ ಓಡಾಡುತ್ತಿರುತ್ತವೆ. ಈ ಕಿರು ತುಣುಕುಗಳು ತಾವಾಗಿ ಯಾವ ಆಜ್ಞೆಯನ್ನೂ ಕೊಡುವುದಿಲ್ಲ, ಬೇರೆ ಆಜ್ಞೆಗಳ ಬಾಯಿ ಮುಚ್ಚಿಸುತ್ತವೆ. ಕ್ಯಾನ್ಸರ್ ಆದಲ್ಲಿ ಅವುಗಳ ಲೆಕ್ಕ ತಪ್ಪುತ್ತದೆ: ಕೆಲವು ಹೆಚ್ಚುತ್ತವೆ, ಕೆಲವು ಇಳಿಯುತ್ತವೆ. ರಕ್ತದಲ್ಲಿಯೂ ಸುಲಭವಾಗಿ ಕೆಡದೆ ಉಳಿಯುವುದರಿಂದ ಅವುಗಳನ್ನು ಅಳೆಯಬಹುದು. ಹಲವು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದರೆ, ಇಂತಿಂಥ ಅಣುಗಳು ಹೆಚ್ಚಿದ್ದವರ ಗುಂಪಿನಲ್ಲಿ ಉಳಿದವರು ಕಡಿಮೆ, ಇಲ್ಲದವರ ಗುಂಪಿನಲ್ಲಿ ಹೆಚ್ಚು ಎಂದು ಕಾಣಬಹುದು. ಇದರಲ್ಲಿ ಮೋಸವಿಲ್ಲ. ಆದರೆ ಇದು ಇನ್ನೂ ಹದಕ್ಕೆ ಬಂದ ವಿದ್ಯೆಯಲ್ಲ. ಒಂದು ಕಡೆಯವರು ಆರಿಸಿದ ಅಣುಗಳು ಇನ್ನೊಂದು ಕಡೆಯವರ ಪಟ್ಟಿಗೆ ಹೊಂದುವುದಿಲ್ಲ. “ಅದೂ ಅಲ್ಲದೆ, ಆಪರೇಷನ್ ಆದ ಬೆನ್ನಿಗೇ ರಕ್ತ ತೆಗೆದಿದ್ದಾರೆ. ಗಾಯ ವಾಸಿಯಾಗುವ ಗದ್ದಲವೂ ಅದರಲ್ಲಿ ಸೇರಿರ್ತದೆ. ನಾನು ಕೇಳದ ಪರೀಕ್ಷೆ ಇದು. ಕೇಳುವುದೂ ಇಲ್ಲ, ಸದ್ಯಕ್ಕೆ.”

“ಹಾಗಾದರೆ ಹೈ ರಿಸ್ಕ್ ಅನ್ನುವುದು ಸುಳ್ಳಾ?”

“ಸುಳ್ಳಿರಲಿಕ್ಕಿಲ್ಲ. ಗ್ರಂಥಿಗಳಿಗೂ ಹರಡಿತ್ತು ಅಂತ ಆಪರೇಷನ್ನಿನ ಬಯಾಪ್ಸಿಯೇ ಹೇಳಿದೆ. ಅಪಾಯ ಇದೆ ಅಂತಲೇ ನಾನು ಮದ್ದು ಕೊಡಬೇಕು ಅಂದದ್ದು. ಅಪಾಯ ಹೆಚ್ಚು ಅಂದರೆ ಮದ್ದು ಬೇಡ ಅಂತ ಅರ್ಥ ಮಾಡಿದ್ದು ಯಾರು? ಕೆರೆ ಕಟ್ಟೆ ಒಡೆಯುವ ಅಪಾಯ ಉಂಟು ಅಂದರೆ ನೀವು ಮಣ್ಣು ಹಾಕ್ತೀರಾ, ಮನೆಗೆ ಹೋಗಿ ಮಲಗ್ತೀರಾ?”

ಆಮೇಲೆ ಪೆನ್ನಿನ ತುದಿಯನ್ನು ಆ ಎರಡು ಗೆರೆಗಳಲ್ಲಿ ಕೆಳಗಿನದರ ಮೇಲೆ ಇಟ್ಟು, ಅದು ಮುಗಿಯುವವರೆಗೆ ಎಳೆದುಕೊಂಡು ಹೋದರು. ಯಾರಾದರೂ ಸತ್ತಾಗಲೆಲ್ಲ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ಕೆಳಗಿನ ಗೆರೆ ಬೇಗಬೇಗ ಇಳಿದಿತ್ತು. ಆದರೆ ಪಟದ ಬಲತುದಿಗೆ ಬಂದಾಗಲೂ ಅದು ನೆಲ ಮುಟ್ಟಿರಲಿಲ್ಲ. “ನೆಲಕ್ಕೂ ಗೆರೆಗೂ ನಡುವೆ ಇರುವ ಈ ಜಾಗ ಕಂಡಿತಾ? ಇದು ಹೈ ರಿಸ್ಕ್ ಆಗಿಯೂ ಬದುಕಿ ಉಳಿದವರು. ನಿಮ್ಮ ತಂಗಿ ಇವರಲ್ಲಿ ಒಬ್ಬಳೋ ಅಲ್ಲವೋ, ಈ ಕಾಗದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಈಗ ಹೋಗಿ ಕರ್ಕೊಂಡು ಬನ್ನಿ.”

ಇಷ್ಟು ದಿನ ಆ ಪಟವನ್ನು ದಿಟ್ಟಿಸಿದ್ದ ನಾನು ಆ ಜಾಗವನ್ನು ನೋಡಿರಲಿಲ್ಲ. ಮೋಸ ಹುಡುಕುವವನ ಕಣ್ಣಿಗೆ ಅದು ಬೀಳುವುದಿಲ್ಲ. ಅಳಿಯಂದಿರಂತೂ ಮುಳ್ಳಿನಿಂದ ಕೆಳಗೆ ಇಳಿದೇ ಇರಲಿಲ್ಲ.

ಮನೆಗೆ ಹೋಗದೆ ನೇರವಾಗಿ ಮೂಡುಬಿದಿರೆಯ ಬಸ್ಸು ಹಿಡಿದು ಪುತ್ತಿಗೆಗೆ ಹೋದೆ. ಕಿರಿಯ ಅಳಿಯ ಮನೆಯಲ್ಲೇ ಇದ್ದ. ತಂಗಿ ಚಾವಡಿಯಲ್ಲಿ ಕಾಲು ಚಾಚಿ ಕುಳಿತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ನಾನು ಕುಳಿತುಕೊಳ್ಳಲೂ ಇಲ್ಲ.

“ನಿನಗೆ ಆದದ್ದು ಹುಣ್ಣಲ್ಲ. ಕ್ಯಾನ್ಸರ್.”

“ಮಾಮ!” ಎಂದು ಅಳಿಯ ಒಳಗಿನಿಂದ ಓಡಿಬಂದ. “ತಲೆ ಸರಿ ಉಂಟಾ ನಿಮಗೆ?”

ತಂಗಿ ಅವನ ಕಡೆ ನೋಡಲಿಲ್ಲ. “ತೆಗೆದರಲ್ಲ?” ಎಂದು ನನ್ನನ್ನು ಕೇಳಿದಳು.

“ಗಡ್ಡೆ ತೆಗೆದಿದ್ದಾರೆ. ಬೇರು ಉಳಿದಿರಬಹುದು ಅಂತ ಆರು ತಿಂಗಳು ಮದ್ದು ಕೊಡ್ಬೇಕಂತೆ. ಡ್ರಿಪ್ಪಿನಲ್ಲಿ.”

“ಯಾವಾಗ ಹೋಗ್ಬೇಕಂತೆ?”

“ಈಗಾಗಲೇ ಹೋಗಬೇಕಿತ್ತು.”

“ಮತ್ತೆ ಎಂತ, ಕಾರು ಕೆಟ್ಟಿದೆಯಾ?”

ಅಳಿಯ ನೆಲ ನೋಡಿಕೊಂಡು ಹೇಳಿದ: “ಆಟಿ ಅಲ್ವಾ ಅಮ್ಮ. ಬಲಿಮೆಯಲ್ಲಿ ಕೇಳಿದೆವು. ಸೋಣ ಬರ್ಲಿ ಅಂತ ಬಂತು.”

ಆಟಿಯ ಅಮಾವಾಸ್ಯೆಯಂದು ತುಳುನಾಡಿನ ಮನೆಮನೆಯಲ್ಲೂ ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಹಿ ಕಷಾಯ ಮಾಡಿ ಕುಡಿಯುತ್ತಾರೆ. ಆ ತಿಂಗಳಲ್ಲಿ ಆ ಮರಕ್ಕೆ ಸಕಲ ರೋಗಗಳ ಮದ್ದೂ ಇಳಿದಿರುತ್ತದೆಂಬ ನಂಬಿಕೆ. ಆ ಅಮಾವಾಸ್ಯೆ ಕಳೆದು ಹೆಚ್ಚು ದಿನವಾಗಿರಲಿಲ್ಲ.

“ಮೊನ್ನೆ ಕತ್ತಲೆಗೆ ಎಬ್ಬಿಸಿ, ಮೂಗು ಹಿಡಿದು ಪಾಲೆಯ ಕಷಾಯ ಕುಡಿಸಿದ್ದು ಯಾರು?” ಎಂದಳು ತಂಗಿ. “ನೀನೇ ಅಲ್ವಾ? ‘ಆಟಿಯ ಮದ್ದು ಅಮ್ಮ, ಬಿಡ್ಬಾರ್ದು’ ಅಂತ. ಆಟಿಯಲ್ಲಿ ಮರದ ಮದ್ದು ಆಗ್ತದೆ, ಡಾಕ್ಟರ ಮದ್ದು ಆಗುವುದಿಲ್ಲವಾ? ಯಾವ ದೈವ ಹೇಳಿತು, ಮರಕ್ಕೊಂದು ಕಾನೂನು ಡಾಕ್ಟರಿಗೊಂದು ಅಂತ?”

“ಹಾಗಲ್ಲಮ್ಮ, ಅಣ್ಣ ಒಂದು ಟೆಸ್ಟ್ ಮಾಡಿಸಿದ್ದ. ಅದರಲ್ಲಿ…”

“ಅದರಲ್ಲಿ ಎಂತ ಬಂತು? ಹೇಳು. ನನ್ನದೇ ರಕ್ತ ಅಲ್ವಾ?”

ಹೇಳಿದ್ದು ನಾನು. ಎರಡು ಗೆರೆಗಳ ಸಂಗತಿ ಹೇಳಿದೆ, ಅವಳು ಕೆಳಗಿನದರ ಪಾಲಿಗೆ ಬಂದಿದ್ದಾಳೆಂದು ಹೇಳಿದೆ, ಆ ಗೆರೆ ನೆಲ ಮುಟ್ಟಿಲ್ಲವೆಂದೂ ಹೇಳಿದೆ.

“ಕೆಳಗಿನದರಲ್ಲೂ ಉಳಿದವರು ಉಂಟಾ?”

“ಉಂಟು. ಕಡಿಮೆ.”

“ಕಡಿಮೆ ಆದರೆ ಎಂತ? ಕೊನೆಯ ಬಸ್ಸಿನಲ್ಲೂ ಒಬ್ಬರಿಗೆ ಜಾಗ ಸಿಗ್ತದೆ.” ಬೀಜದ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ ನನ್ನ ಕಡೆಗೆ ತಿರುಗಿದಳು. ನನಗೆ ಶಾಭಾಸು ಸಿಗುತ್ತದೆಂದುಕೊಂಡಿದ್ದೆ. “ನೀನು ಎಂತ ದೊಡ್ಡ ಜನವಾ? ಬಲಿಮೆಗೆ ನೀನೂ ಹೋಗಿದ್ದೆಯಲ್ಲ? ಎಲೆ ಅಡಿಕೆ ಹಾಕಿಕೊಂಡು ಬಂದೆಯಾ? ನನ್ನ ಹೊಟ್ಟೆಯ ವಿಷಯಕ್ಕೆ ಜೋಯಿಸರನ್ನು ಕೇಳಿದಿರಿ, ಕವಡೆ ಕೇಳಿದಿರಿ, ಯಾರೋ ಬೈಕಿನವನನ್ನು ಕೇಳಿದಿರಿ. ಹೊಟ್ಟೆಯವಳನ್ನು ಒಬ್ಬರೂ ಕೇಳಲಿಲ್ಲ.” ಮಗನಿಗೆ ಹೇಳಿದಳು: “ನಾಳೆ ಬೆಳಿಗ್ಗೆ ಕಾರು ತೆಗಿ. ಹೋಟೆಲು ಬಂದ್ ಮಾಡು. ಆಗದಿದ್ದರೆ ಹೇಳು, ಬಸ್ಸು ಉಂಟು.”

ಕಾರು ತೆಗೆದ. ಸೋಣಕ್ಕೆ ಮೊದಲೇ ಮದ್ದು ಶುರುವಾಯಿತು.

ಆ ಆರು ತಿಂಗಳನ್ನು ಸುಂದರಗೊಳಿಸಿ ಬರೆಯುವ ಉದ್ದೇಶ ನನಗಿಲ್ಲ. ಕೂದಲು ತೆಳುವಾಯಿತು, ಪೂರ್ತಿ ಹೋಗಲಿಲ್ಲ. ಬಾಯಲ್ಲಿ ಹುಣ್ಣೆದ್ದು ಗಂಜಿಯೂ ಸೇರದ ದಿನಗಳಿದ್ದವು. ತಣ್ಣೀರು ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತಾಗಿ ಕಿರುಚುತ್ತಿದ್ದಳು. ಎರಡು ಬಾರಿ ಜ್ವರ ಬಂದು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಪ್ರತಿ ಬಾರಿ ಹಿರಿಯ ಅಳಿಯ ಫೋನು ಮಾಡಿ, “ಸಮಾಧಾನ ಆಯ್ತಾ ಮಾಮ? ಅಮ್ಮನನ್ನು ನೀವು ಕೊಲ್ತಾ ಇದ್ದೀರಿ,” ಎಂದ. ಅವನ ಮಾತು ನಿಜವಾಗಬಹುದೆಂಬ ಹೆದರಿಕೆ ನನಗಿತ್ತು. ಅದನ್ನು ಅವನಿಗೆ ತೋರಿಸುವ ಔದಾರ್ಯ ಇರಲಿಲ್ಲ.

ಮದ್ದು ಮುಗಿದು, ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದ ಮೇಲೆ ಹಿರಿಯವನು ರಜೆ ಹಾಕಿ ಬಂದು ಕೋಲ ಕೊಡಿಸಿದ. ಕೋಲದ ಬಗ್ಗೆ ನನ್ನ ತಕರಾರಿಲ್ಲ. ಹೇಳಿಕೊಂಡದ್ದನ್ನು ಕೊಡಬೇಕು. ನಾನೂ ಹೋಗಿ ಪ್ರಸಾದ ತೆಗೆದುಕೊಂಡೆ. ಮರುದಿನದ ಊಟದಲ್ಲಿ ನೆಂಟರ ನಡುವೆ ನಿಂತು ಅವನು ಕತೆ ಹೇಳಿದ: ಟೆಸ್ಟಿನಲ್ಲಿ ಇಲ್ಲ ಎಂದು ಬಂದಿತ್ತು, ಬಲಿಮೆಯಲ್ಲಿ ದಾರಿ ಕಂಡಿತು. ಆಗ ಅದರಲ್ಲಿ “ಜೊತೆಗೆ ಸ್ವಲ್ಪ ಕೀಮೋ ಕೂಡ ಕೊಡಿಸಿದೆವು” ಎಂಬ ವಾಕ್ಯವಾದರೂ ಇತ್ತು. ಕತೆ ಬೆಳ್ತಂಗಡಿ ದಾಟಿ ಬಂಟ್ವಾಳಕ್ಕೆ ಬರುವಾಗ ಆ ವಾಕ್ಯ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಕಾದು ಕುಳಿತಿದ್ದ ಡಾಕ್ಟರಮ್ಮ ‘ಕೈಬಿಟ್ಟ ಡಾಕ್ಟರು’ ಆಗಿದ್ದರು. ಕೈಬಿಡಲು ಹೊರಟಿದ್ದವರು ಕಾಪಾಡಿದ ಮಕ್ಕಳಾಗಿದ್ದರು.

ಇದಾಗಿ ಕೆಲವು ವರ್ಷಗಳಾದವು. ತಂಗಿ ಇದ್ದಾಳೆ. ಅವಳು ಇರುವುದರಿಂದ ಏನು ಸಾಬೀತಾಯಿತೆಂದು ಕೇಳಿದರೆ, ಪರೀಕ್ಷೆ ಸುಳ್ಳೆಂದು ಸಾಬೀತಾಗಲಿಲ್ಲ. ಅದು ಒಂದು ಗುಂಪಿನ ಮಾತು ಹೇಳಿತ್ತು, ಆ ಗುಂಪಿನಲ್ಲಿ ಉಳಿಯುವವರೂ ಇದ್ದಾರೆಂದು ತಾನೇ ಗೆರೆ ಎಳೆದು ತೋರಿಸಿತ್ತು. ಮದ್ದೇ ಉಳಿಸಿತೆಂದು ಆಣೆ ಮಾಡಲು ಡಾಕ್ಟರಮ್ಮನೇ ಒಪ್ಪಲಿಲ್ಲ. “ಮದ್ದು ಇಲ್ಲದೆಯೂ ಉಳಿಯುತ್ತಿದ್ದರೋ ಏನೋ, ಒಬ್ಬರ ಮಟ್ಟಿಗೆ ಅದನ್ನು ಹೇಳಲಿಕ್ಕೆ ಬರುವುದಿಲ್ಲ. ಕೊಟ್ಟವರಲ್ಲಿ ಹೆಚ್ಚು ಜನ ಉಳೀತಾರೆ, ಅಷ್ಟೇ ನನಗೆ ಗೊತ್ತಿರೋದು,” ಎಂದರು. ಇಷ್ಟು ಕಡಿಮೆ ಹೇಳುವವರನ್ನು ನಮ್ಮ ಊರು ನಂಬುವುದಿಲ್ಲ. ಆದ್ದರಿಂದ ನಾನು ಸಾಧಿಸಹೊರಟದ್ದೂ ಸಣ್ಣದು. ಪರೀಕ್ಷೆ ಆಯುಷ್ಯ ಮುಗಿಯಿತೆನ್ನಲಿಲ್ಲ, ಡಾಕ್ಟರು ಕೈಬಿಡಲಿಲ್ಲ, ಮತ್ತು ಅವಳು ಮದ್ದನ್ನು ಪೂರ್ತಿಯಾಗಿ, ತಾನೇ ಹಟ ಹಿಡಿದು ತೆಗೆದುಕೊಂಡಳು.

ಇದರಲ್ಲಿ ಕೊನೆಯದನ್ನಾದರೂ ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದು. ಆ ಮದ್ದು ಕೆಲವರ ಅಂಗಾಲಿನ ನರಗಳನ್ನು ಕೊಂದು ಹೋಗುತ್ತದೆ, ಅವಳವನ್ನೂ ಕೊಂದಿತು. ಅಂಗಾಲಿಗೆ ನೆಲದ ಬಿಸಿಯೂ ಗೊತ್ತಾಗುವುದಿಲ್ಲ, ಕಲ್ಲೂ ಗೊತ್ತಾಗುವುದಿಲ್ಲ. ಅಂಗಳದಲ್ಲಿ ನಡೆಯುತ್ತಿರುವಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದರೂ ಅರಿವಿಲ್ಲದೆ ಮುಂದೆ ಹೋಗುತ್ತಾಳೆ. ಹರಕೆ ಹೇಳಿಕೊಂಡದ್ದರಿಂದ ಯಾರ ಕಾಲೂ ಹೀಗಾದದ್ದನ್ನು ನಾನು ಕೇಳಿಲ್ಲ. ಮದುವೆಮನೆಯ ಆ ವಿಜ್ಞಾನದ ಮಹನೀಯರನ್ನು ನಾನೇ ಒತ್ತಾಯಿಸಿ ಪುತ್ತಿಗೆಗೆ ಕರೆದುಕೊಂಡು ಹೋಗಿದ್ದೆ. ಅವಳು ಅಂಗಳದ ಆ ತುದಿಯಿಂದ ನಮ್ಮ ಕಡೆಗೆ ಬರುತ್ತಿದ್ದಳು, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಅವರು ಕೈಮುಗಿದು, “ನಿಮ್ಮನ್ನು ಉಳಿಸಿದ್ದು ಯಾರು ಅಂತ ನಿಮ್ಮ ಬಾಯಿಂದಲೇ ಕೇಳುವ ಅಂತ ಬಂದೆ ಅಮ್ಮ,” ಎಂದರು.

ತಂಗಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಆಮೇಲೆ ತನ್ನ ಕಾಲನ್ನು.

“ಅದನ್ನು ಆಮೇಲೆ ಹೇಳ್ತೇನೆ. ಬಂದವರು ಹಾಗೆಯೇ ಆ ಬಾವಿಯ ಹತ್ತಿರ ಹೋಗಿ ನನ್ನ ಎಡಗಾಲಿನ ಚಪ್ಪಲಿ ಉಂಟಾ ನೋಡಿ.”